ಹಿಮಕ್ಕೊಂದು ಆರಾರೂಟ್ ಪೊಟ್ಟಣ

ನಮ್ಮ ಅಡುಗೆಮನೆಯ ಮೇಲಿನ ಕಪಾಟಿನಲ್ಲಿ, ಯಾರೂ ತಿನ್ನದ ಓಟ್ಸ್ ಡಬ್ಬಿಯ ಹಿಂದೆ, ಅರ್ಧ ಖಾಲಿಯಾದ ಒಂದು ಆರಾರೂಟ್ ಪೊಟ್ಟಣ ಇದೆ. ಬಾಯಿಗೆ ರಬ್ಬರ್ ಬ್ಯಾಂಡ್ ಸುತ್ತಿದೆ. ಕಪಾಟು ಒಪ್ಪ ಮಾಡುವಾಗಲೆಲ್ಲ ನನ್ನ ಹೆಂಡತಿ ಸುಧಾ ಅದನ್ನು ಕೈಗೆತ್ತಿಕೊಂಡು, "ಇದನ್ನ ಬಿಸಾಕ್ಲಾ? ಇಲ್ಲಿ ಯಾರು ಬಟ್ಟೆಗೆ ಗಂಜಿ ಹಾಕ್ತಾರೆ?" ಎಂದು ಕೇಳುತ್ತಾಳೆ. "ಇರಲಿ ಬಿಡು" ಎನ್ನುತ್ತೇನೆ. ಅವಳಿಗೂ ಕಾರಣ ಗೊತ್ತು. ಆದರೂ ಕೇಳುತ್ತಾಳೆ, ನಾನೂ ಹಾಗೇ ಹೇಳುತ್ತೇನೆ. ಇಪ್ಪತ್ತು ವರ್ಷದ ಸಂಸಾರದಲ್ಲಿ ಅರ್ಧ ಮಾತುಕತೆ ಇಂಥದ್ದೇ ಇರುತ್ತದೆ.

ಗಂಜಿ ಎಂದರೆ ನನಗೆ ಮೊದಲು ನೆನಪಾಗುವುದು ಅಪ್ಪನ ಬಿಳಿ ಅಂಗಿ. ಹೊಳಲ್ಕೆರೆಯ ಹೈಸ್ಕೂಲಿನಲ್ಲಿ ಅವರು ಭೂಗೋಳದ ಮೇಷ್ಟ್ರು. ಭಾನುವಾರ ಅಮ್ಮ ಆರಾರೂಟ್ ಕಾಯಿಸಿ ಗಂಜಿ ಮಾಡಿ, ಅಂಗಿ ಅದ್ದಿ, ಹಿತ್ತಲ ತಂತಿಗೆ ಹಾಕಿದರೆ ಸಂಜೆಯ ಹೊತ್ತಿಗೆ ಅವು ಹಪ್ಪಳವಾಗಿರುತ್ತಿದ್ದವು. ಸೋಮವಾರ ಬೆಳಿಗ್ಗೆ ಅಂಟಿಕೊಂಡ ತೋಳಿನೊಳಗೆ ಅಪ್ಪ ಕೈ ತೂರಿಸಿದಾಗ ಪರ್ ಎಂದು ಸದ್ದಾಗುತ್ತಿತ್ತು. ಆ ಸದ್ದಿಗೇ ನನಗೆ ಎಚ್ಚರ. ನನ್ನ ಕಿವಿ ಆಗ ಬಲು ಚುರುಕು. ಮೂರು ಮನೆ ಆಚೆ ಚಕ್ಕುಲಿ ಡಬ್ಬಿಯ ಮುಚ್ಚಳ ತೆಗೆದರೂ ಇವನಿಗೆ ಕೇಳಿಸುತ್ತೆ ಎಂದು ಅಮ್ಮ ಓಣಿಗೆಲ್ಲ ಹೇಳಿಕೊಂಡು ಬರುತ್ತಿದ್ದಳು. ಅದು ಹೊಗಳಿಕೆಯೋ ದೂರೋ ಎಂದು ನನಗೆ ಇವತ್ತಿಗೂ ಗೊತ್ತಾಗಿಲ್ಲ.

ನಾನೀಗ ಐರ್ಲೆಂಡಿನ ಕಿಲ್ಕೆನ್ನಿಯ ಆಸ್ಪತ್ರೆಯಲ್ಲಿ ಅರಿವಳಿಕೆ ವೈದ್ಯ. ಆಪರೇಷನ್ನಿಗೆ ಮುಂಚೆ ಜನರನ್ನು ನಿದ್ದೆ ಮಾಡಿಸುವುದು ನನ್ನ ಕೆಲಸ. "ನಮ್ಮ ತಂದೆ ಇದನ್ನೇ ಔಷಧಿ ಇಲ್ಲದೆ ಮಾಡುತ್ತಿದ್ದರು, ಭೂಗೋಳದ ಮೇಷ್ಟ್ರು" ಎಂದು ಸ್ನೇಹಿತರ ಕೂಟಗಳಲ್ಲಿ ಹೇಳಿ ನಗಿಸಿದ್ದೇನೆ. ಅಪ್ಪನನ್ನು ಕುರಿತ ನನ್ನ ಜೋಕುಗಳೆಲ್ಲ ಚೆನ್ನಾಗಿಯೇ ಓಡಿವೆ. ಅವುಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಓಡಿದ್ದು ಹಿಮದ ಜೋಕು. ಅದನ್ನು ನಿಮಗೂ ಹೇಳಿಬಿಡುತ್ತೇನೆ, ಯಾಕೆಂದರೆ ಇನ್ನು ಮುಂದೆ ಯಾರಿಗೂ ಹೇಳುವ ಹಾಗಿಲ್ಲ.

ಎಂಟನೇ ತರಗತಿ. ಅಪ್ಪ ಶೀತವಲಯದ ಪಾಠ ಮಾಡುತ್ತಿದ್ದರು. ಶಾಲೆಯಲ್ಲಿ ಅವರು ನನಗೂ ಸಾರ್. ಹಿಮ ಹೇಗೆ ಬೀಳುತ್ತದೆ, ಹೇಗೆ ಹೊಲ ಮನೆ ದಾರಿ ಒಂದೇ ಆಗಿ ಬೆಳ್ಳಗಾಗುತ್ತವೆ ಎಂದು ಕಣ್ಣರಳಿಸಿ ಹೇಳುತ್ತಿದ್ದಾಗ ನಾನು ಎದ್ದು ನಿಂತೆ. "ಸಾರ್, ನೀವು ಹಿಮ ನೋಡಿದೀರಾ ಸಾರ್?" ಅಪ್ಪ "ಇಲ್ಲಪ್ಪ, ನೋಡಿಲ್ಲ" ಎಂದರು. "ಮತ್ತೆ ನಿಮಗೆ ಹೆಂಗೆ ಗೊತ್ತು ಸಾರ್?" ಇಡೀ ತರಗತಿ ಘೊಳ್ ಎಂದಿತು. ಮೇಷ್ಟ್ರ ಮಗನೇ ಮೇಷ್ಟ್ರನ್ನು ಹಿಡಿದು ಹಾಕಿದ ಎಂದರೆ ಕಡಿಮೆ ಮಾತೇ? ಆ ದಿನ ನನಗೆ ಗೋಲಿ ಆಟದಲ್ಲಿ ಸರದಿ ಕಾಯುವ ಕೆಲಸವಿರಲಿಲ್ಲ.

ಮುಂದಿನ ವಾರ ಸಾರ್ ಒಂದು ಪೊಟ್ಟಣ ಹಿಡಿದು ಬಂದರು. ಆರಾರೂಟ್. "ಹಿಮ ತುಳಿದರೆ ಒಂದು ಸದ್ದು ಬರುತ್ತೆ. ಆ ಸದ್ದು ಹಿಂಗಿರುತ್ತೆ" ಎಂದು ಪೊಟ್ಟಣವನ್ನು ಮುಷ್ಟಿಯಲ್ಲಿ ಹಿಂಡಿದರು. ಆಮೇಲೆ ಬೆಂಚಿನಿಂದ ಬೆಂಚಿಗೆ ಹೋಗಿ ಒಬ್ಬೊಬ್ಬರ ಕಿವಿಯ ಹತ್ತಿರವೂ ಹಿಂಡಿದರು. ಪ್ರತಿಯೊಬ್ಬನೂ ಎದ್ದು ನಿಂತು "ಕೇಳಿಸಿತು ಸಾರ್" ಎನ್ನಬೇಕು. ನಲವತ್ತು ಹುಡುಗರು ಹಾಗೇ ಅಂದರು. ಕೊನೆಯ ಬೆಂಚು ನನ್ನದು. ನಾನು ಎದ್ದು, ಎಲ್ಲರ ಮುಖವನ್ನೂ ಒಮ್ಮೆ ನೋಡಿ, "ನನಗೇನೂ ಕೇಳಿಸಲಿಲ್ಲ ಸಾರ್" ಎಂದೆ. ಮತ್ತೆ ಘೊಳ್. ಅಪ್ಪ ಇನ್ನೊಮ್ಮೆ ಹಿಂಡಿದರು. ನಾನು ತಲೆ ಅಲ್ಲಾಡಿಸಿದೆ. ಅವರು ಪೊಟ್ಟಣ ಜೇಬಿಗಿಟ್ಟುಕೊಂಡು, "ಸರಿ, ಕೂತ್ಕೋ" ಎಂದರು. ಅಲ್ಲಿಗೆ ಜೋಕು ಮುಗಿಯಿತು. ಅವರ ನಿವೃತ್ತಿಯ ಬೀಳ್ಕೊಡುಗೆಯಲ್ಲಿ ಮೈಕು ಹಿಡಿದು ಇದನ್ನೇ ಹೇಳಿದ್ದೆ. ಸಭೆಗೆ ಸಭೆಯೇ ನಕ್ಕಿತ್ತು, ಅಪ್ಪನೂ ನಕ್ಕಿದ್ದರು.

ಜೋಕಿನಲ್ಲಿ ಸೇರಿಸದ ಒಂದು ವಿಷಯ ಇದೆ. ನನಗೆ ಕೇಳಿಸಿತ್ತು. ಕಿರುಕ್ ಎಂದು ಸ್ಪಷ್ಟವಾಗಿ, ಎರಡು ಸಲವೂ ಕೇಳಿಸಿತ್ತು. ನಲವತ್ತು ವರ್ಷ ಇದನ್ನು ಯಾರಿಗೂ ಹೇಳಿರಲಿಲ್ಲ, ಅಪ್ಪನಿಗೂ. ಹೇಳೋಣ ಎಂದುಕೊಳ್ಳುವ ಹೊತ್ತಿಗೆ ಅವರಿರಲಿಲ್ಲ.

ಅಪ್ಪ ಹೋದ ಮೇಲೆ ಅಮ್ಮ ದಾವಣಗೆರೆಯಲ್ಲಿ ಅಕ್ಕನ ಮನೆಯಲ್ಲಿದ್ದಾಳೆ. ಓಣಿಯ ಭಜನಾ ಮಂಡಳಿಗೆ ಅವಳೇ ಅಧ್ಯಕ್ಷೆ, ಪುರುಸೊತ್ತೇ ಇಲ್ಲ. ಅಂಥವಳು ಹೋದ ಜನವರಿಯಲ್ಲಿ ಮೂರು ತಿಂಗಳಿಗೆಂದು ನಮ್ಮಲ್ಲಿಗೆ ಬಂದಳು. ಬರುವ ಮುಂಚೆ ಫೋನಿನಲ್ಲಿ ಒಂದೇ ಪ್ರಶ್ನೆ: "ಹಿಮ ಬೀಳ್ತೈತೇನೋ?" ಬೀಳುತ್ತೆ ಎಂದುಬಿಟ್ಟೆ. ಐರ್ಲೆಂಡಿನಲ್ಲಿ ಹಿಮ ಬೀಳುವುದು ನಮ್ಮ ಚಿತ್ರದುರ್ಗದ ಸೀಮೆಯಲ್ಲಿ ಸಕಾಲಕ್ಕೆ ಮಳೆ ಬಿದ್ದಷ್ಟೇ ಗ್ಯಾರಂಟಿ ಎಂಬುದನ್ನು ಹೇಳಲಿಲ್ಲ. ಅವಳು ಚೀಲ ಬಿಚ್ಚಿದಾಗ ಚಟ್ನಿಪುಡಿ, ರಂಗೋಲಿ ಪುಡಿಗಳ ನಡುವೆ ಒಂದು ಆರಾರೂಟ್ ಪೊಟ್ಟಣ ಸಿಕ್ಕಿತು.

"ಇದ್ಯಾಕಮ್ಮ, ಇಲ್ಲಿ ಕಾರ್ನ್‌ಫ್ಲೋರ್ ಸಿಗುತ್ತೆ" ಎಂದೆ.

"ಅಡುಗೆಗಲ್ಲಪ್ಪ. ಮೇಷ್ಟ್ರುದು ಒಂದು ಕೆಲಸ ಬಾಕಿ ಐತೆ" ಎಂದಳು. ಅವಳು ಅಪ್ಪನನ್ನು ಕರೆಯುತ್ತಿದ್ದುದೇ ಮೇಷ್ಟ್ರು ಎಂದು. "ಹಿಮ ತುಳಿದು ನೋಡ್ಬೇಕು. ಇದೇ ಸದ್ದೋ ಅಲ್ವೋ ಅಂತ. ಅಷ್ಟು ನೋಡಿದ್ರೆ ನಂಗೆ ಸಾಕು."

ನಾನು ಪೊಟ್ಟಣವನ್ನು ಬೇಗ ಕಪಾಟಿನಲ್ಲಿಟ್ಟು ಬಾಗಿಲು ಹಾಕಿದೆ.

ಜನವರಿ ಪೂರ್ತಿ ಮಳೆ. ಫೆಬ್ರವರಿ ಪೂರ್ತಿ ಮಳೆ, ಜೊತೆಗೆ ಗಾಳಿ. ಮಾರ್ಚಿನಲ್ಲಿ ಮಳೆ ನಿಂತು ಜಿನುಗು ಹಿಡಿಯಿತು. ಅಮ್ಮ ನನ್ನ ಮಂಕಿ ಕ್ಯಾಪ್ ಹಾಕಿಕೊಂಡು ಕಿಟಕಿಯ ಬಳಿ ಕೂತು, "ಇದನ್ನ ನೋಡಕ್ಕೆ ವಿಮಾನ ಹತ್ತಬೇಕಿತ್ತಾ" ಎನ್ನುತ್ತಿದ್ದಳು. ತಡೆಯಲಾರದೆ ಒಂದು ದಿನ ಫ್ರೀಜರ್ ತೆಗೆದು ಗೋಡೆಗೆ ಕಟ್ಟಿದ ಮಂಜನ್ನು ಕೆರೆದು ತಟ್ಟೆಯಲ್ಲಿ ಕೊಟ್ಟೆ. "ಇದು ನಿಮ್ಮಕ್ಕನ ಫ್ರಿಜ್ಜಿನಾಗೂ ಐತೆ" ಎಂದು ತಟ್ಟೆ ವಾಪಸು ಕೊಟ್ಟಳು. ನನಗೆ ಒಳಗೊಳಗೇ ಸಮಾಧಾನ. ಹಿಮ ಬೀಳದಿದ್ದರೆ ಪರೀಕ್ಷೆ ಇಲ್ಲ, ಪರೀಕ್ಷೆ ಇಲ್ಲದಿದ್ದರೆ ಫಲಿತಾಂಶವೂ ಇಲ್ಲ. ವೈದ್ಯನಾಗುವವನಿಗೆ ಇದು ಮೊದಲ ವರ್ಷದಲ್ಲೇ ಅರ್ಥವಾಗಿರುತ್ತದೆ.

ಏಪ್ರಿಲ್ ಬಂತು. ಡ್ಯಾಫಡಿಲ್ ಹೂಗಳು ಅರಳಿ, ಕುರಿಗಳು ಮರಿ ಹಾಕಿ, ಅಂಗಡಿಯವರು ಕೈಗವಸುಗಳನ್ನು ಒಳಗಿಟ್ಟರು. ನಾಳೆ ಅಮ್ಮನ ವಿಮಾನ ಎನ್ನುವ ದಿನ ಬೆಳಿಗ್ಗೆ ಅವಳೇ ನನ್ನನ್ನು ಎಬ್ಬಿಸಿದಳು.

"ಏಳೋ. ಹೊರಗೆ ಏನೋ ಆಗೈತೆ. ಸದ್ದೇ ಇಲ್ಲ."

ನಮ್ಮ ಮನೆ ಊರಿನಿಂದ ಹೊರಗೆ, ಹೊಲಗಳ ನಡುವೆ ಇದೆ. ಬೆಳಿಗ್ಗೆ ಕಾಗೆ, ಕುರಿ, ಹಾಲಿನ ಲಾರಿ, ಏನಾದರೊಂದು ಕೇಳಿಸುತ್ತಲೇ ಇರುತ್ತದೆ. ಆ ದಿನ ಏನೂ ಇರಲಿಲ್ಲ. ಪರದೆ ಸರಿಸಿದರೆ ಅಂಗೈ ದಪ್ಪ ಹಿಮ. ಬೇಲಿ, ಕಾರು, ಕಸದ ತೊಟ್ಟಿ ಎಲ್ಲವೂ ಬೆಳ್ಳಗೆ ದುಂಡಗೆ ಕೂತಿದ್ದವು. ಡ್ಯಾಫಡಿಲ್‌ಗಳು ತಪ್ಪು ಮಾಡಿದವರಂತೆ ತಲೆ ತಗ್ಗಿಸಿದ್ದವು. ಹನ್ನೆರಡು ವರ್ಷದ ಮಗಳು ಅನ್ವಿ ಫೋನ್ ಹಿಡಿದು ಮೆಟ್ಟಿಲು ಧಡಧಡ ಇಳಿದು ಬಂದಳು. "ನೋ ಸ್ಕೂಲ್ ಟುಡೇ! ಅಜ್ಜಿ, ಸ್ನೋ!" ಇಲ್ಲಿ ಎರಡು ಬೊಗಸೆ ಹಿಮ ಬಿದ್ದರೆ ಶಾಲೆಗೆ ರಜೆ, ಅಂಗಡಿಯಲ್ಲಿ ಬ್ರೆಡ್ ಖಾಲಿ. ದೇಶಕ್ಕೆ ದೇಶವೇ ಮುತ್ತಿಗೆ ಬಿದ್ದಂತೆ ಬ್ರೆಡ್ ಕೊಳ್ಳುತ್ತದೆ.

ಆದರೆ ಏಪ್ರಿಲ್ ಹಿಮಕ್ಕೆ ಆಯಸ್ಸು ಕಡಿಮೆ. ಆಗಲೇ ಮೋಡ ಹರಿದು ಬಿಸಿಲಿನ ಸೂಚನೆ ಇತ್ತು. "ಅಜ್ಜಿ, ವಿ ಹ್ಯಾವ್ ಟು ಗೋ ನೌ" ಎಂದು ಅನ್ವಿ ಅವಸರಪಡಿಸಿದಳು. ಅಮ್ಮ ಅವಳನ್ನು ವಿಚಿತ್ರವಾಗಿ ನೋಡಿದಳು. ಸ್ನಾನ ಮಾಡದೆ, ಬಾಗಿಲಿಗೆ ರಂಗೋಲಿ ಇಡದೆ, ದೇವರಿಗೆ ದೀಪ ಹಚ್ಚದೆ ಆಕೆ ಹೊಸ್ತಿಲು ದಾಟಿದ್ದನ್ನು ನಾನು ಹುಟ್ಟಿದ ಮೇಲೆ ಕಂಡಿಲ್ಲ. "ಮೂರು ತಿಂಗಳು ಕಾದಿದೀನಿ, ಅರ್ಧ ಗಂಟೆ ಅದು ನನಗೆ ಕಾಯ್ಲಿ" ಎಂದು ಬಚ್ಚಲಿಗೆ ಹೋದಳು. ಹಿಮ ಕಾಯುವ ಪೈಕಿಯಲ್ಲ ಎಂದು ಹೇಳಬೇಕಾದವನು ನಾನು. ಹೇಳಲಿಲ್ಲ. ಕಾಫಿ ಬೆರೆಸಿಕೊಂಡು ನಿಧಾನವಾಗಿ ಕುಡಿದೆ.

ಅಮ್ಮ ಬಂದು ಬಾಗಿಲು ತೆಗೆದು ಮೆಟ್ಟಿಲ ಮುಂದೆ ಬಗ್ಗಿ ರಂಗೋಲಿ ಎಳೆದಳು. ಎಳೆದಳು, ನೋಡಿದಳು, ಮತ್ತೆ ಎಳೆದಳು. ಬಿಳಿ ಹಿಮದ ಮೇಲೆ ಬಿಳಿ ಪುಡಿ! ಐದೆಳೆಯ ಕಮಲ ಎಲ್ಲಿ ಹೋಯಿತೋ ಅವಳಿಗೇ ಗೊತ್ತಾಗಲಿಲ್ಲ. "ಅಯ್ಯೋ ನನ್ನ ಬುದ್ಧಿಗಿಷ್ಟು" ಎಂದು ನಗುತ್ತ ಒಳಗಿನಿಂದ ಅರಿಶಿನ ಕುಂಕುಮದ ಬಟ್ಟಲು ತಂದು, ಧಾರಾಳವಾಗಿ ಕುಂಕುಮ ಸುರಿದು ಹೂವು ಬರೆದಳು. ಕುಂಕುಮ ಹಿಮದಲ್ಲಿ ನೆನೆದು ಹರಡಿಕೊಂಡಿತು.

ಅವಳು ದೀಪ ಹಚ್ಚುತ್ತಿರುವಾಗ ಬಾಗಿಲು ದಬದಬ ಬಡಿದ ಸದ್ದು. ಪಕ್ಕದ ಹೊಲದ ಟಾಮ್ ನಿಂತಿದ್ದ. ಎಪ್ಪತ್ತರ ರೈತ, ಹಿಮದಲ್ಲಿ ಸಿಕ್ಕಿಕೊಂಡ ಕುರಿಮರಿಗಳನ್ನು ನೋಡಲು ಹೊರಟವನು. ಮುಖ ಬಿಳಚಿಕೊಂಡಿತ್ತು. "ಡಾಕ್ಟರ್, ಯಾರಿಗೇನಾಯಿತು? ಬಾಗಿಲಲ್ಲಿ ಇಷ್ಟು ರಕ್ತ!" ಎಂದು ಇಂಗ್ಲಿಷಿನಲ್ಲಿ ಕೇಳಿದ. ನಾನು ವಿವರಿಸಿದೆ. ಅವನು ಕುಂಕುಮದ ಹೂವನ್ನೂ, ಮಂಕಿ ಕ್ಯಾಪಿನೊಳಗಿಂದ ಇಣುಕುತ್ತಿದ್ದ ಅಮ್ಮನನ್ನೂ ನೋಡಿ ಟೋಪಿ ತೆಗೆದು, "ಆ, ಗ್ರ್ಯಾಂಡ್, ಗ್ರ್ಯಾಂಡ್" ಎಂದ. ಈ ದೇಶದಲ್ಲಿ ಗ್ರ್ಯಾಂಡ್ ಎಂದರೆ ಭಾರಿ ಎಂದಲ್ಲ, ಪರವಾಗಿಲ್ಲ ಬಿಡಿ ಎಂದು. ಅಮ್ಮ ಇದನ್ನು ಎರಡನೇ ವಾರದಲ್ಲೇ ಕಲಿತಿದ್ದಳು. "ಗ್ರ್ಯಾಂಡ್, ಗ್ರ್ಯಾಂಡ್. ಕಾಫಿ ಕುಡೀರಿ" ಎಂದಳು ಕನ್ನಡದಲ್ಲಿ. ಅವನು ಕುಡಿದ.

ಅಂತೂ ಹೊರಟಾಗ ಹತ್ತು ಗಂಟೆ. ಸುಧಾ ಅಮ್ಮನ ಸೂಟ್‌ಕೇಸ್ ಕಟ್ಟುತ್ತ ಮನೆಯಲ್ಲೇ ಉಳಿದಳು. ಅಮ್ಮ ಸೀರೆಯನ್ನು ಮೇಲಕ್ಕೆ ಸಿಕ್ಕಿಸಿ, ಸುಧಾಳ ಗಂಬೂಟು ಹಾಕಿ, ನನ್ನ ಹಳೆಯ ಕೋಟಿನ ಜೇಬಿನಲ್ಲಿ ಪೊಟ್ಟಣ ಇಟ್ಟುಕೊಂಡಿದ್ದಳು. ಬಿಸಿಲು ಬಂದಾಗಿತ್ತು. ಟಾರು ರಸ್ತೆಯ ಮೇಲೆ ಕಾಲಿಟ್ಟರೆ ಪಚ ಪಚ. ಹಿಮ ಕರಗಿ ಬೂದಿ ಬಣ್ಣದ ಗಂಜಿಯಾಗಿತ್ತು. ಅಮ್ಮ ಹತ್ತು ಹೆಜ್ಜೆ ಹಾಕಿ ನಿಂತಳು. ಪಕ್ಕಕ್ಕೆ ಸರಿದು ಹುಲ್ಲಿನ ಮೇಲೆ ಕಾಲಿಟ್ಟಳು. ಅಲ್ಲೂ ಪಚ್.

"ಇದೇ ಏನೋ ಸದ್ದು?"

"ಕರಗಿದೆಯಲ್ಲಮ್ಮ..."

"ಹಂಗಾದ್ರೆ ಅಷ್ಟೆ" ಎಂದಳು. ಅವಳ ಮುಖ ಸಪ್ಪಗಾಯಿತು. ನೋಡಿ, ಗೆದ್ದೆ ಎಂದು ನನಗೆ ಅನ್ನಿಸಬೇಕಿತ್ತು. ಅನ್ನಿಸಲಿಲ್ಲ. ಬೆಳಿಗ್ಗೆ ನಿಧಾನವಾಗಿ ಕುಡಿದ ಕಾಫಿ ನೆನಪಾಯಿತು.

ಅನ್ವಿ ಓಡಿಹೋಗಿ ಗೇಟಿನ ಬಳಿ ಇದ್ದ ಟಾಮ್‌ನನ್ನು ಕೇಳಿ ಬಂದಳು. ಬೆಟ್ಟದ ಆ ಬದಿಗೆ ಇನ್ನೂ ಬಿಸಿಲು ಬಿದ್ದಿಲ್ಲವಂತೆ. ಅವನ ಮೇಲಿನ ಹೊಲದ ಬೇಲಿಯ ಹಿಂದೆ ಒಂದು ಗಾಡಿ ದಾರಿ ಇದೆ, ಅಲ್ಲಿ ಹಿಮ ಮಧ್ಯಾಹ್ನದವರೆಗೂ ಇರುತ್ತದೆ, ಗೇಟು ಮುಚ್ಚುವುದನ್ನು ಮಾತ್ರ ಮರೆಯಬೇಡಿ ಎಂದನಂತೆ. "ನಡಿ" ಎಂದೆ ನಾನೇ. ಅಮ್ಮ ನನ್ನನ್ನು ಒಮ್ಮೆ ನೋಡಿ ಹೆಜ್ಜೆ ಹಾಕಿದಳು.

ಏರು ಹತ್ತುವಾಗ ಎಡಬಲಕ್ಕೂ ಹೊಲ. ಬೇಲಿಯ ಮುಳ್ಳುಗಿಡಗಳು ಹೂ ಬಿಟ್ಟಿದ್ದವು. ಯಾವುದು ಹೂವು, ಯಾವುದು ಹಿಮ ಎಂದು ಮುಟ್ಟಿ ನೋಡಿಯೇ ತಿಳಿಯಬೇಕು. ಅಮ್ಮ ಒಂದೊಂದನ್ನೂ ಮುಟ್ಟಿ, "ಇದು ಹೂವು. ಇದು ಅದು" ಎಂದು ಬೇರ್ಪಡಿಸುತ್ತ ಬಂದಳು. ಒಂದು ಕಾರು ಎದುರಾಯಿತು. ಓಡಿಸುತ್ತಿದ್ದವಳು ಸ್ಟಿಯರಿಂಗ್ ಬಿಡದೆ ಒಂದು ಬೆರಳು ಮಾತ್ರ ಎತ್ತಿದಳು. ಇಲ್ಲಿನ ಹಳ್ಳಿಗಾಡಿನಲ್ಲಿ ಅದೇ ನಮಸ್ಕಾರ. ಅಮ್ಮ ಎರಡೂ ಕೈ ಜೋಡಿಸಿದಳು. ಕಾರು ತುಸು ಅಡ್ಡಾದಿಡ್ಡಿಯಾಗಿ ಮುಂದೆ ಹೋಯಿತು.

ಹೊಲದಲ್ಲಿ ಕುರಿಗಳ ಬೆನ್ನ ಮೇಲೆ ಕೆಂಪು ಬಣ್ಣದ ಅಂಕಿಗಳಿದ್ದವು. "ಕುರಿ ಮೇಲೆ ಯಾಕೋ ಲೆಕ್ಕ ಬರೆದವ್ರೆ?" ಎಂದು ಅಮ್ಮ ಕೇಳಿದಳು. ತಾಯಿಗೂ ಮರಿಗೂ ಒಂದೇ ನಂಬರ್ ಬರೆಯುತ್ತಾರೆ, ಯಾವ ಮರಿ ಯಾರದು ಎಂದು ತಪ್ಪಿಹೋಗಬಾರದಲ್ಲ ಎಂದೆ. ಅವಳು ಹದಿನೇಳನೇ ನಂಬರಿನ ಕುರಿಯನ್ನೂ, ಅದರ ಹೊಟ್ಟೆಗೆ ಅಂಟಿ ನಿಂತ ಹದಿನೇಳನೇ ನಂಬರಿನ ಮರಿಯನ್ನೂ ನೋಡುತ್ತ ನಿಂತಳು. "ನಿಂಗೂ ಒಂದು ಬರೆದು ಕಳಿಸಬೇಕಿತ್ತು" ಎಂದಳು. ನಾನು ನಕ್ಕೆ. ಅವಳು ನಗಲಿಲ್ಲ.

ಸ್ವಲ್ಪ ದೂರ ನಡೆದ ಮೇಲೆ ತಾನಾಗಿ ಮಾತು ತೆಗೆದಳು. "ನೀನು ಕ್ಲಾಸಿನಾಗೆ ಆ ಪ್ರಶ್ನೆ ಕೇಳಿದ್ಯಲ್ಲ, ಆ ಭಾನುವಾರ ಮೇಷ್ಟ್ರು ಸೈಕಲ್ ತಗೊಂಡು ಹೋಗಿ ಮಿಲಿಟರಿ ರಂಗಪ್ಪನ್ನ ಮನೆಗೆ ಕರ್ಕೊಂಡು ಬಂದ್ರು. ಅವನು ಕಾಶ್ಮೀರದಾಗೆ ಇದ್ದೋನು. ಹಿಮ ತುಳಿದ್ರೆ ಸದ್ದು ಹೆಂಗಿರುತ್ತೆ ಹೇಳು ಅಂತ ಕೂರಿಸ್ಕೊಂಡ್ರು. ಅವನಿಗೆ ಬಾಯಲ್ಲಿ ಹೇಳಕ್ಕೆ ಬರಲಿಲ್ಲ. ನನ್ನ ಅಡುಗೆಮನೆ ಡಬ್ಬಿ ಎಲ್ಲಾ ತೆಗೆಸಿದ್ರು. ರಾಗಿ ಹಿಟ್ಟು ಹಿಂಡಿದ್ರು, ಅಕ್ಕಿ ಹಿಟ್ಟು ಹಿಂಡಿದ್ರು, ಕಡ್ಲೆ ಹಿಟ್ಟು, ಮೈದಾ. ಒಂದಕ್ಕೂ ಅವನು ಹೂಂ ಅನ್ನಲಿಲ್ಲ. ಕೊನೆಗೆ ಗಂಜಿಗೆ ಇಟ್ಟಿದ್ದ ಆರಾರೂಟ್ ಹಿಂಡಿದ್ರೆ ಕುರ್ಚಿಯಿಂದ ಎದ್ದೇ ನಿಂತ. 'ಇದೇ ಮೇಷ್ಟ್ರೇ, ಇದೇ' ಅಂದ."

ನನಗೆ ಆ ಭಾನುವಾರ ನೆನಪಿತ್ತು. ಗೋಲಿ ಆಡಿ ಬಂದಾಗ ಅಡುಗೆಮನೆಯ ನೆಲದ ತುಂಬ ಹಿಟ್ಟು ಚೆಲ್ಲಿತ್ತು, ಅಮ್ಮ ಬೈಯುತ್ತ ಗುಡಿಸುತ್ತಿದ್ದಳು. ಯಾಕೆಂದು ನಾನು ಕೇಳಿರಲಿಲ್ಲ.

"ಕ್ಲಾಸು ಮುಗಿಸಿ ಬಂದ ದಿನ ಸಪ್ಪಗೆ ಕೂತ್ರು" ಎಂದಳು ಅಮ್ಮ. "ಪೊಟ್ಟಣ ತಮ್ಮ ಕಿವಿ ಹತ್ರ ಹಿಡ್ಕೊಂಡು ಹಿಂಡಿದ್ದೇ ಹಿಂಡಿದ್ದು. 'ಮಿಕ್ಕ ಹುಡುಗರು ನನ್ನ ಮುಖ ನೋಡಿ ಹೂಂ ಅಂದ್ರೇನೋ. ಇವನ ಕಿವಿ ಚುರುಕು, ಇವನಿಗೇ ಕೇಳಿಸಲಿಲ್ಲ ಅಂದ್ಮೇಲೆ ರಂಗಪ್ಪ ತಪ್ಪು ಹೇಳಿರಬೇಕು, ಮಕ್ಕಳಿಗೆ ತಪ್ಪು ಕಲಿಸಿಬಿಟ್ಟೆ' ಅಂದ್ರು. ಮುಂದಿನ ವರ್ಷದಿಂದ ಆ ಪೊಟ್ಟಣ ತಗೊಂಡು ಹೋಗಲೇ ಇಲ್ಲ."

ಒಮ್ಮೆ ಅಪ್ಪ ಫೋನಿನಲ್ಲಿ, "ನಿಮ್ಮಲ್ಲಿ ಹಿಮ ಬಿದ್ದಿದೆಯಂತೆ, ಪೇಪರಿನಲ್ಲಿ ಓದಿದೆ. ತುಳಿದು ನೋಡಿದೆಯಾ?" ಎಂದು ಕೇಳಿದ್ದರು. ನಾನು, "ಅಯ್ಯೋ ಅಪ್ಪ, ಅದೊಂದು ತಲೆನೋವು, ಕಾರೇ ಸ್ಟಾರ್ಟ್ ಆಗ್ತಿಲ್ಲ" ಎಂದು ಫೋನ್ ಇಟ್ಟಿದ್ದೆ. ಅದು ಹವಾಮಾನದ ವಿಚಾರಣೆ ಎಂದುಕೊಂಡಿದ್ದೆ. ಇಷ್ಟು ವರ್ಷ ಮೈಕು ಹಿಡಿದು ಹೇಳಿಕೊಂಡು ತಿರುಗಿದ ನನ್ನ ಜಾಣತನದ ಬಗ್ಗೆ ನಾಚಿಕೆಯಾಯಿತು.

ಗಾಡಿ ದಾರಿ ಬಂತು. ಗೇಟು ತೆಗೆದು ಒಳಗೆ ಹೋಗಿ, ನೆನಪಿಟ್ಟು ಮುಚ್ಚಿದೆವು. ಟಾಮ್ ಹೇಳಿದ್ದು ನಿಜ. ಎತ್ತರದ ಬೇಲಿಯ ನೆರಳಿನಲ್ಲಿ ಹಿಮ ಹಾಗೇ ಮಲಗಿತ್ತು. ಒಂದು ನರಿಯೋ ನಾಯಿಯೋ ನಡೆದುಹೋದ ಗುರುತು ಬಿಟ್ಟರೆ ಯಾರೂ ಮುಟ್ಟಿರಲಿಲ್ಲ. ನನಗಿಂತ ಮುಂಚೆ ಓಡಲು ಹೊರಟ ಅನ್ವಿಯ ತೋಳನ್ನು ಅಮ್ಮ ಹಿಡಿದುಕೊಂಡಳು. "ನಿಲ್ಲು ಮಗ. ಪರೀಕ್ಷೆ ಐತೆ."

ಕೋಟಿನ ಜೇಬಿನಿಂದ ಪೊಟ್ಟಣ ತೆಗೆದಳು. ನಾನು ಬಗ್ಗಿದೆ. ನನ್ನ ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ಹಿಂಡಿದಳು.

"ಇದು ಮೇಷ್ಟ್ರುದು. ಈಗ ಹೆಜ್ಜೆ ಇಡು."

ಇಟ್ಟೆ. ಇನ್ನೊಂದು ಇಟ್ಟೆ. ಈ ದೇಶಕ್ಕೆ ಬಂದ ಮೇಲೆ ಎರಡೋ ಮೂರೋ ಸಲ ಹಿಮ ಬಿದ್ದಿದೆ. ಯಾವಾಗಲೂ ಬೈದುಕೊಂಡು, ಓಡಿಕೊಂಡು, ಫೋನಿನಲ್ಲಿ ಮಾತಾಡಿಕೊಂಡು ದಾಟಿದ್ದೇನೆ. ನಿಂತು ಕೇಳಿದ್ದು ಅದೇ ಮೊದಲು. ಕಿರುಕ್. ಕಿರುಕ್. ಎಂಟನೇ ತರಗತಿಯ ಕೊನೆಯ ಬೆಂಚಿಗೆ ಕೇಳಿಸಿದ ಅದೇ ಸದ್ದು, ಒಂದು ಕೂದಲೆಳೆಯೂ ವ್ಯತ್ಯಾಸವಿಲ್ಲ.

"ಕೇಳಿಸ್ತೇನೋ?"

"ಕೇಳಿಸ್ತಮ್ಮ" ಎಂದೆ. ಅಲ್ಲಿಗೇ ನಿಲ್ಲಿಸಬಹುದಿತ್ತು. "ಅವತ್ತೂ ಕೇಳಿಸಿತ್ತು."

ಅಮ್ಮನಿಗೆ ಆಶ್ಚರ್ಯವೇ ಆಗಲಿಲ್ಲ. ಪೊಟ್ಟಣದ ಬಾಯಿಗೆ ರಬ್ಬರ್ ಬ್ಯಾಂಡ್ ಸುತ್ತುತ್ತ ಹೇಳಿದಳು. "ನಂಗೆ ಗೊತ್ತಿತ್ತು ಕಣೋ. ಚಕ್ಕುಲಿ ಡಬ್ಬಿ ಕೇಳಿಸೋನಿಗೆ ಇದು ಕೇಳಿಸದೆ ಇರುತ್ತಾ? ಮೇಷ್ಟ್ರಿಗೂ ಹೇಳಿದೆ. 'ನನ್ನ ಮಗ ಸುಳ್ಳು ಹೇಳಲ್ಲ' ಅಂದುಬಿಟ್ರು."

ಬೇಲಿಯಿಂದ ಒಂದು ಮುದ್ದೆ ಹಿಮ ಜಾರಿ ಕೆಳಗೆ ಬಿತ್ತು. "ತಪ್ಪಾಯ್ತಮ್ಮ" ಎಂದೆ.

"ನನ್ನ ಹತ್ರ ಯಾಕೆ ಹೇಳ್ತೀಯ? ಪಾಠ ಮಾಡಿದ್ದು ನಾನಾ?"

ಟೋಪಿ ತೆಗೆದೆ. ಶಾಲೆಯಲ್ಲಿ ನಿಲ್ಲುತ್ತಿದ್ದ ಹಾಗೆ ಕೈ ಪಕ್ಕಕ್ಕಿಟ್ಟು ನೆಟ್ಟಗೆ ನಿಂತೆ. ಎದುರಿಗೆ ಬೆಳ್ಳಗಿನ ಖಾಲಿ ದಾರಿ ಬಿಟ್ಟರೆ ಯಾರೂ ಇರಲಿಲ್ಲ.

"ಕೇಳಿಸಿತು ಸಾರ್."

"ಡ್ಯಾಡ್, ಹೂ ಆರ್ ಯು ಟಾಕಿಂಗ್ ಟು?" ಎಂದಳು ಅನ್ವಿ. ಅಮ್ಮ ಅವಳ ಕೈ ಅದುಮಿ ಸುಮ್ಮನಾಗಿಸಿದಳು. ತುಸು ಹೊತ್ತು ಕಾದು, ಯಾರೂ ಉತ್ತರ ಕೊಡುವುದಿಲ್ಲವೆಂದು ಖಾತ್ರಿಯಾದ ಮೇಲೆ ಅವಳೇ ಹೇಳಿದಳು, "ಸರಿ, ಕೂತ್ಕೋ."

ಕೂರಲು ಅಲ್ಲಿ ಹಿಮ ಬಿಟ್ಟರೆ ಬೇರೆ ಜಾಗವಿರಲಿಲ್ಲ. ಕೂತೆ.